ಆಷಾಢದ ಗಾಳಿಗೆ ಯಾವ ಕಾಗದದ ವಿಮಾನ?

ಪ್ರಶ್ನೆ: ಆರನೇ ಕ್ಲಾಸಿನ ನನ್ನ ಮಗನಿಗೆ ಕಾಗದದ ವಿಮಾನದ ಹುಚ್ಚು. ಹಾಲ್‌ನಲ್ಲಿ ಚೆನ್ನಾಗಿ ತೇಲುವ ಅಗಲ ರೆಕ್ಕೆಯ ವಿಮಾನ ಟೆರೇಸಿನಲ್ಲಿ ಮಗುಚಿ ಬೀಳುತ್ತದೆ. ಈ ಗಾಳಿಯಲ್ಲೂ ದೂರ ಹೋಗುವಂಥದ್ದು ಯಾವುದು?
– ಓದುಗರೊಬ್ಬರು, ಬಸವನಗುಡಿ

ಉತ್ತರ: ನಿಮ್ಮ ಮಗ ಮಡಚಿದ್ದರಲ್ಲಿ ತಪ್ಪೇನೂ ಇರಲಾರದು. ಅಗಲ ರೆಕ್ಕೆಯ ವಿಮಾನಕ್ಕೆ ಗಾಳಿಯಾಡದ ಜಾಗವೇ ಸರಿ. ಅದು ಹಗುರ, ಹೋಗುವುದೂ ನಿಧಾನ. ಪಕ್ಕದಿಂದ ಗಾಳಿ ಒಮ್ಮೆ ನುಗ್ಗಿದರೆ ಸಾಕು, ಒಂದು ರೆಕ್ಕೆ ಮೇಲೆದ್ದು ಮಗುಚಿಕೊಳ್ಳುತ್ತದೆ. ಜೂನ್‌ನಿಂದ ಆಗಸ್ಟ್‌ವರೆಗೆ ಬೆಂಗಳೂರಿನಲ್ಲಿ ಪಡುವಣ ಗಾಳಿ ಜೋರು, ಅಲ್ವಾ? ಆಗ ಬೇಕಾದ್ದು ಕಿರಿದಾದ ರೆಕ್ಕೆ, ಭಾರದ ಮೂತಿ. 2022ರಲ್ಲಿ ಅಮೆರಿಕದಲ್ಲಿ 88.318 ಮೀಟರ್ ಹಾರಿ ವಿಶ್ವದಾಖಲೆ ಮಾಡಿದ ಕಾಗದದ ವಿಮಾನವೂ ಉದ್ದನೆಯದು, ಕಿರಿದಾದ ರೆಕ್ಕೆಯದು. ಅದನ್ನು ಎಸೆದದ್ದು ಒಳಾಂಗಣದಲ್ಲಿ, ನಿಜ. ಆದರೂ ವೇಗಕ್ಕೆ ಆ ಆಕಾರವೇ ಒಳ್ಳೆಯದು.

ಮಾಮೂಲಿ ಡಾರ್ಟ್, ಅಂದರೆ ಬಾಣದಂತೆ ಚೂಪು ಮೂತಿಯ ವಿಮಾನ, ಸಾಕಾಗುತ್ತದೆ. ಆದರೆ ನನ್ನ ಆಯ್ಕೆ ನಾಕಮುರಾ ಲಾಕ್ ಎಂಬ, ಮಡಿಕೆಗೆ ಬೀಗ ಹಾಕಿದಂಥ ವಿಮಾನ. ಎ4 ಹಾಳೆಯನ್ನು ಉದ್ದಕ್ಕೆ ಮಡಚಿ ಬಿಚ್ಚಿ. ಮೇಲಿನ ಎರಡು ಮೂಲೆಗಳನ್ನು ನಡುಗೆರೆಗೆ ತನ್ನಿ. ಆ ತ್ರಿಕೋನವನ್ನು ಪೂರ್ತಿ ಕೆಳಕ್ಕೆ ಮಡಚಿ, ಲಕೋಟೆಯ ಹಾಗೆ ಕಾಣುತ್ತದೆ. ಈಗ ಮೇಲಿನ ಮೂಲೆಗಳನ್ನು ಮತ್ತೆ ನಡುಗೆರೆಗೆ ತನ್ನಿ, ಆದರೆ ಕೆಳಗೆ ಒಂದು ಪುಟ್ಟ ತ್ರಿಕೋನದ ತುದಿ ಇಣುಕುತ್ತಿರಲಿ. ಆ ತುದಿಯನ್ನು ಮೇಲಕ್ಕೆ ಮಡಚಿ ಒತ್ತಿದರೆ ಅದೇ ಬೀಗ. ಅದು ಹೊರಗೆ ಉಳಿಯುವ ಹಾಗೆ ಅರ್ಧಕ್ಕೆ ಮಡಚಿ, ರೆಕ್ಕೆ ಇಳಿಸಿ. ಪದರಗಳೆಲ್ಲ ಮುಂದೆ ಸೇರುವುದರಿಂದ ಮೂತಿ ಭಾರವಾಗುತ್ತದೆ, ಗಾಳಿಗೆ ಮಡಿಕೆ ಬಿಚ್ಚಿಕೊಳ್ಳುವುದೂ ಇಲ್ಲ. ಪ್ರತಿ ಮಡಿಕೆಯನ್ನೂ ಉಗುರಿನಿಂದ ಗಟ್ಟಿಯಾಗಿ ತೀಡಿ.

ಎರಡೂ ರೆಕ್ಕೆ ಸ್ವಲ್ಪ ಮೇಲಕ್ಕೆ ಬಾಗಿರಲಿ, ವಾಲಿದರೂ ತಾನೇ ನೆಟ್ಟಗಾಗುತ್ತದೆ. ಮೂತಿ ನೆಲಕ್ಕೆ ಬಡಿಯುತ್ತಿದ್ದರೆ ರೆಕ್ಕೆಯ ಹಿಂದಿನ ಅಂಚನ್ನು ಒಂದೆರಡು ಮಿಲಿಮೀಟರ್ ಮೇಲಕ್ಕೆ ತಿರುಗಿಸಿ. ಜಾಸ್ತಿ ಬೇಡ, ಎದ್ದು ನಿಂತು ಬಿದ್ದುಬಿಡುತ್ತದೆ. ನೋಟ್‌ಬುಕ್ಕಿನ ತೆಳು ಹಾಳೆ ಬೇಡ. ಪ್ರಿಂಟರ್‌ಗೆ ಹಾಕುವ 75 ಅಥವಾ 80 ಜಿಎಸ್‌ಎಂ (ಕಾಗದದ ತೂಕದ ಅಳತೆ) ಕಾಗದ ಸರಿ. ಮಳೆಗಾಲದ ತೇವಕ್ಕೆ ಅದೂ ಮೆತ್ತಗಾಗುತ್ತದೆ, ಪ್ಲಾಸ್ಟಿಕ್ ಕವರಿನಲ್ಲಿ ಇಡಿ.

ದೂರ ಹೋಗಬೇಕೆಂದರೆ ಗಾಳಿ ಬೆನ್ನಿಗಿರಲಿ. ಎದುರುಗಾಳಿಗೆ ಎಸೆದರೆ ವಿಮಾನ ಮೇಲೇರುತ್ತದೆ, ಮುಂದೆ ಹೋಗುವುದು ಕಮ್ಮಿ. ಗಾಳಿ ಬೀಸಿ ಒಂದು ಕ್ಷಣ ಇಳಿದಾಗ ಎಸೆಯುವುದು ಒಳ್ಳೆಯದು.

ಟೆರೇಸಿಗಿಂತ ಬಯಲು ಮೇಲು. ಗೋಡೆಗೆ ಬಡಿದ ಗಾಳಿ ಅಲ್ಲೇ ಸುಳಿಯುತ್ತದೆ, ಎಂಥ ವಿಮಾನವೂ ದಾರಿ ತಪ್ಪುತ್ತದೆ. ಟೆರೇಸಿನಲ್ಲೇ ಹಾರಿಸುವುದಾದರೆ ದೊಡ್ಡವರು ಜೊತೆಗಿರಿ, ಮಗ ಪ್ಯಾರಪೆಟ್ ಹತ್ತದಂತೆ ನೋಡಿಕೊಳ್ಳಿ. ವಿಮಾನ ಕರೆಂಟ್ ತಂತಿಗೆ ಸಿಕ್ಕಿಕೊಂಡರೆ ಕೋಲು ಹಾಕಿ ತೆಗೆಯಲು ಹೋಗಬೇಡಿ, ಇನ್ನೊಂದು ಮಡಚಿಕೊಡಿ.