ಊರಿನ ವಿದ್ಯಾರ್ಥಿವೇತನ ಪ್ರತಿ ವರ್ಷ ಪರಿಚಯಸ್ಥರ ಮಕ್ಕಳಿಗೇ ಹೋಗುತ್ತಿದ್ದರೆ ಅದು ವಶೀಲಿಯೇ?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ: ಸಣ್ಣ ಊರು, ಕಾಲೇಜು ಸೇರುವವರಿಗೆಂದು ಒಂದು ಖಾಸಗಿ ವಿದ್ಯಾರ್ಥಿವೇತನ. ನಾಲ್ಕು ವರ್ಷಗಳಿಂದ ಅದು ಆಯ್ಕೆ ಸಮಿತಿಯವರ ಬಂಧುಗಳಿಗೋ ಸ್ನೇಹಿತರ ಮಕ್ಕಳಿಗೋ ಸಿಗುತ್ತಿದೆ. ನೀವು ಅದನ್ನು ಬಹಿರಂಗವಾಗಿ ಕೇಳಿದಿರಿ. ಒಂದು ಗುಂಪು ನಿಮಗೆ ಹೊಟ್ಟೆಕಿಚ್ಚು ಎಂದಿತು. ಇನ್ನೊಂದು ಗುಂಪು, ನೀವೂ ಉಳ್ಳವರ ಮನೆಯವರೇ, ನಿಮಗೆ ಈ ಮಾತಾಡುವ ಹಕ್ಕು ಎಲ್ಲಿಂದ ಬಂತು ಎಂದಿತು. ಈಗ ಊರು ಎರಡು ಪಾಳಯವಾಗಿದೆ, ಆಯ್ಕೆಯಾದ ಹುಡುಗಿ ಮನೆಯಿಂದ ಹೊರಗೆ ಬರುತ್ತಿಲ್ಲ.

ವಶೀಲಿ ಇರುವ ಸಾಧ್ಯತೆ ಹೆಚ್ಚು. ಆದರೆ ನೀವು ಹುಡುಕುತ್ತಿರುವ ಜಾಗದಲ್ಲಿ ಅದು ಸಿಗಲಿಕ್ಕಿಲ್ಲ.

ಇಂಥದೇ ಒಂದು ಸಮಿತಿಯಲ್ಲಿ ನಾನು ಆರು ವರ್ಷ ಕುಳಿತಿದ್ದೆ. ಏಳು ಜನ ಸದಸ್ಯರು, ಒಂದು ಸಣ್ಣ ದತ್ತಿ, ವರ್ಷಕ್ಕೆ ಮೂವರಿಗೆ ವೇತನ. ಎರಡನೆಯ ವರ್ಷ ಸದಸ್ಯರೊಬ್ಬರ ತಂಗಿಯ ಮಗನ ಅರ್ಜಿ ಬಂತು. ಆ ಹಿರಿಯರು ತಾವಾಗಿಯೇ ಎದ್ದು, "ನಾನು ಇರುವುದು ಸರಿಯಲ್ಲ" ಎಂದು ಹೊರಗೆ ಹೋದರು. ಒಳಗೆ ಉಳಿದ ಆರು ಜನರಿಗೆ ನಮ್ಮ ಬಗ್ಗೆಯೇ ಎಂಥ ಹೆಮ್ಮೆ! ಇಪ್ಪತ್ತು ನಿಮಿಷ ಚರ್ಚಿಸಿ ಆ ಹುಡುಗನನ್ನೇ ಆರಿಸಿದೆವು. ಯಾರೂ ಯಾರಿಗೂ ಫೋನ್ ಮಾಡಿರಲಿಲ್ಲ, ಕಣ್ಣು ಮಿಟುಕಿಸಿರಲಿಲ್ಲ. ಅವನ ಅಂಕಗಳೂ ಚೆನ್ನಾಗಿದ್ದವು. ಅಂದು ಯಾರಾದರೂ ಬಂದು ವಶೀಲಿ ಎಂದಿದ್ದರೆ ನಾನು ಜಗಳಕ್ಕೇ ನಿಲ್ಲುತ್ತಿದ್ದೆ.

ನನ್ನ ಹೆಮ್ಮೆ ಇಳಿದದ್ದು ಸ್ವೀಡನ್‌ನ ಒಂದು ಅಧ್ಯಯನ ಓದಿದಾಗ. ಅಲ್ಲಿನ ವೈದ್ಯಕೀಯ ಸಂಶೋಧನಾ ಮಂಡಳಿ 1995ರಲ್ಲಿ ಕೊಟ್ಟ ಸಂಶೋಧನಾ ವೇತನಗಳನ್ನು ಕ್ರಿಸ್ಟೀನ್ ವೆನ್ನೆರೋಸ್ ಮತ್ತು ಆಗ್ನೆಸ್ ವೊಲ್ಡ್ ಎಂಬ ಇಬ್ಬರು ವಿಜ್ಞಾನಿಗಳು ಬಿಡಿಸಿ ನೋಡಿದರು. 114 ಅರ್ಜಿಗಳು, 20 ವೇತನಗಳು. ಅರ್ಜಿಗಳಿಗೆ ಹಾಕಿದ ಅಂಕಗಳ ಪಟ್ಟಿ ತೋರಿಸಲು ಮಂಡಳಿ ಮೊದಲು ಒಪ್ಪಲಿಲ್ಲ; ಅವು ಸಾರ್ವಜನಿಕ ದಾಖಲೆಗಳೇ ಎಂದು ನ್ಯಾಯಾಲಯ ತೀರ್ಪು ಕೊಟ್ಟ ಮೇಲೆ ಕೈಗೆ ಸಿಕ್ಕಿದವು. 1997ರಲ್ಲಿ 'ನೇಚರ್' ಎಂಬ ವಿಜ್ಞಾನ ಪತ್ರಿಕೆಯಲ್ಲಿ ಲೇಖನ ಬಂತು. ಪುರುಷರಷ್ಟೇ ಅಂಕ ಪಡೆಯಲು ಮಹಿಳೆಯರು ಸುಮಾರು ಎರಡೂವರೆ ಪಟ್ಟು ಹೆಚ್ಚು ಕೆಲಸ ಮಾಡಿರಬೇಕಿತ್ತು ಎಂಬ ಅಂಶ ಲೋಕಕ್ಕೆಲ್ಲ ತಿಳಿಯಿತು. ಅದೇ ಲೇಖನದ ಇನ್ನೊಂದು ಅಂಶ ಅಷ್ಟು ಸುದ್ದಿಯಾಗಲಿಲ್ಲ. ಸಮಿತಿಯ ಸದಸ್ಯರೊಬ್ಬರ ಜೊತೆ ನಂಟಿರುವ ಅರ್ಜಿದಾರರಿಗೆ ಹೆಚ್ಚು ಅಂಕ ಬಿದ್ದಿತ್ತು. ಆ ಸದಸ್ಯರು ನಿಯಮದ ಪ್ರಕಾರ ಆ ಅರ್ಜಿಗೆ ಅಂಕ ಹಾಕುವಂತೆಯೇ ಇರಲಿಲ್ಲ. ಹಾಕಿದವರು ಉಳಿದವರು. ಯಾವ ಸಂಬಂಧವೂ ಇಲ್ಲದ, ತಟಸ್ಥರೆನಿಸಿಕೊಂಡ ಉಳಿದವರು.

ಓದಿ ಮುಗಿಸಿದಾಗ ನನಗೆ ನೆನಪಾದದ್ದು ನಮ್ಮ ಕೋಣೆಯ ಖಾಲಿ ಕುರ್ಚಿ. ಆ ಹಿರಿಯರು ಎದ್ದು ಹೋದದ್ದೇ ನಮಗೆ ಅವರ ಮೇಲಿನ ಗೌರವವನ್ನು ಹೆಚ್ಚಿಸಿತ್ತು. ಬಾಗಿಲ ಹೊರಗೆ ಕಾಯುತ್ತಿದ್ದ ಅವರ ಮುಖವನ್ನು ಇನ್ನು ಅರ್ಧ ಗಂಟೆಯಲ್ಲಿ ನೋಡಬೇಕಿತ್ತು, ಮುಂದಿನ ಮದುವೆಯಲ್ಲೂ ನೋಡಬೇಕಿತ್ತು. ದೊಡ್ಡ ನಗರದಲ್ಲಿ ಕೆಲಸಕ್ಕೆ ಬರುವ ನಿಯಮಗಳು ಸಣ್ಣ ಊರಿನಲ್ಲಿ ಸೋಲುವುದು ಹೀಗೆಯೇ. ಕೋಣೆಯಿಂದ ಎದ್ದು ಹೋಗಬಹುದು, ಊರಿನಿಂದ ಎದ್ದು ಹೋಗಲಾಗುವುದಿಲ್ಲ.

ಹಾಗೆಂದು ಎಲ್ಲ ವಶೀಲಿಯೂ ಇಷ್ಟು ನಯವಾಗಿರುತ್ತದೆ ಎಂದುಕೊಳ್ಳಬೇಡಿ. ಕಪ್ಪು ವರ್ಣೀಯ ಸಂಸದರ ಕೂಟದ ಪ್ರತಿಷ್ಠಾನವೊಂದು ಅಮೆರಿಕದಲ್ಲಿ ವಿದ್ಯಾರ್ಥಿವೇತನ ಕೊಡುತ್ತದೆ. ಟೆಕ್ಸಾಸ್‌ನ ಆಗಿನ ಸಂಸದೆ ಎಡ್ಡಿ ಬರ್ನಿಸ್ ಜಾನ್ಸನ್ ತಮ್ಮ ಮೊಮ್ಮಕ್ಕಳಿಗೆ, ಇತರ ಬಂಧುಗಳಿಗೆ ಮತ್ತು ತಮ್ಮ ಸಹಾಯಕರ ಮಕ್ಕಳಿಗೆ 2005ರಿಂದ ಅಂಥ 23 ವೇತನಗಳನ್ನು ಕೊಡಿಸಿದ್ದರೆಂದು 2010ರಲ್ಲಿ ಡಲ್ಲಾಸ್‌ನ ಪತ್ರಿಕೆಯೊಂದು ಬರೆಯಿತು. ಬಂಧುಗಳಿಗೆ ಕೊಡಕೂಡದು ಎಂಬ ನಿಯಮ ಆಗಲೇ ಇತ್ತು. ಗೊತ್ತಿಲ್ಲದೆ ಆಯಿತು ಎಂದು ಹೇಳಿ ಅವರು ಸುಮಾರು 31,000 ಡಾಲರ್ ಮರಳಿಸಿದರು. ಲಿಖಿತ ನಿಯಮವಿತ್ತು, ಅದು ಮುರಿದಿತ್ತು, ಹೆಸರುಗಳಿದ್ದವು, ಹಣ ಹಿಂದಿರುಗಿತು. ನಿಮ್ಮಲ್ಲಿ ನಡೆದದ್ದು ಇಂಥದಾದರೆ ನನ್ನ ಉತ್ತರದ ಉಳಿದ ಭಾಗವನ್ನು ಓದಬೇಕಾಗಿಲ್ಲ. ದತ್ತಿಯ ನಿಯಮಾವಳಿಯ ಪ್ರತಿ ಪಡೆದು, ಮುರಿದ ನಿಯಮದ ಕೆಳಗೆ ಗೆರೆ ಎಳೆದು ದೂರು ಕೊಡಿ.

ಯಾವ ನಿಯಮವೂ ಮುರಿಯದೆ ಪ್ರತಿ ವರ್ಷ ಅದೇ ಮನೆಗಳಿಗೆ ಹೋಗುತ್ತಿದ್ದರೆ? ಕಷ್ಟವಿರುವುದು ಇಲ್ಲಿ. ಆಗ ಅಂತಿಮ ಸಭೆಯನ್ನು ಬಿಟ್ಟು ಅದಕ್ಕೂ ಮೊದಲಿನ ಹಂತಗಳನ್ನು ನೋಡಬೇಕು. ಪ್ರಕಟಣೆ ಎಲ್ಲಿ ಅಂಟಿಸಿದ್ದರು, ಎಷ್ಟು ದಿನ ಇತ್ತು? ಶಿಫಾರಸು ಪತ್ರ ಬರೆದವರು ಯಾರು? ಅರ್ಜಿಯಲ್ಲಿ ಯಾವುದಕ್ಕೆ ಎಷ್ಟು ಅಂಕ?

ಈ ಕೊನೆಯದರ ಬಗ್ಗೆ ನನ್ನ ಒಂದು ತಪ್ಪನ್ನು ಹೇಳಿಕೊಳ್ಳಬೇಕು. ನಮ್ಮ ಅರ್ಜಿಯಲ್ಲಿ 'ಪಠ್ಯೇತರ ಚಟುವಟಿಕೆ ಮತ್ತು ನಾಯಕತ್ವ' ಎಂಬ ಕಾಲಂ ಇತ್ತು, ಅದಕ್ಕೆ ಇಪ್ಪತ್ತು ಅಂಕ. ಚರ್ಚಾಸ್ಪರ್ಧೆ, ಶಿಬಿರ, ಸಂಗೀತ, ಸೇವಾಕಾರ್ಯ, ಹೀಗೆ ಅನುಕೂಲಸ್ಥರ ಮಕ್ಕಳ ಪಟ್ಟಿ ಪುಟದ ಹಿಂಬದಿಗೂ ಹರಿಯುತ್ತಿತ್ತು. ಒಬ್ಬ ಹುಡುಗಿ ಆ ಕಾಲಂ ಅನ್ನು ಖಾಲಿ ಬಿಟ್ಟಿದ್ದಳು. ಒಂದು ಗೆರೆಯನ್ನೂ ಎಳೆದಿರಲಿಲ್ಲ, ಸುಮ್ಮನೆ ಖಾಲಿ. ನಾನು ಸೊನ್ನೆ ಹಾಕಿದೆ. ಎರಡನೇ ಯೋಚನೆಯೇ ಬರಲಿಲ್ಲ. ಖಾಲಿ ಜಾಗಕ್ಕೆ ಇನ್ನೇನು ಹಾಕುವುದು? ಎರಡೇ ಅಂಕಗಳಿಂದ ಅವಳಿಗೆ ವೇತನ ತಪ್ಪಿಹೋಯಿತು. ಹಾಸಿಗೆ ಹಿಡಿದ ಅಜ್ಜಿಯನ್ನೂ ಇಬ್ಬರು ತಮ್ಮಂದಿರನ್ನೂ ಅವಳೇ ನೋಡಿಕೊಳ್ಳುತ್ತಿದ್ದಳೆಂದು, ಬೆಳಗ್ಗೆ ಕಾಲೇಜಿಗೆ ಹೊರಡುವ ಮೊದಲೇ ಒಂದು ಮನೆಯ ಇಡೀ ದಿನದ ಕೆಲಸ ಮುಗಿಸುತ್ತಿದ್ದಳೆಂದು ನನಗೆ ಗೊತ್ತಾದದ್ದು ಬಹಳ ದಿನಗಳ ನಂತರ. ಅದನ್ನು ಚಟುವಟಿಕೆ ಎಂದು ಬರೆಯಬಹುದೆಂದು ಅವಳಿಗೆ ಹೇಳಿಕೊಟ್ಟವರಿಲ್ಲ. ಸಮಿತಿಯ ಹಿರಿಯರ ತಂಗಿಯ ಮಗನಿಗೆ ಹೇಳಿಕೊಡುವವರಿದ್ದರು. ಮೋಸ ಯಾರೂ ಮಾಡಲಿಲ್ಲ, ಅಳತೆಗೋಲೇ ಆ ಮನೆಯ ಬಡಗಿಯಿಂದ ಬಂದಿತ್ತು, ಅಷ್ಟೇ.

ನಾಲ್ಕನೆಯ ವರ್ಷ ಆ ಕಾಲಂ ತೆಗೆದುಹಾಕಿ, 'ತರಗತಿಯಿಂದ ಹೊರಗೆ ನಿಮ್ಮ ಒಂದು ವಾರ ಹೇಗೆ ಕಳೆಯುತ್ತದೆ, ಗಂಟೆಗಳ ಲೆಕ್ಕದಲ್ಲಿ ಬರೆಯಿರಿ' ಎಂದು ಹಾಕಿದೆವು. ಒಂದೇ ಸಾಲಿನ ಬದಲಾವಣೆ. ಆ ವರ್ಷ ಯಾರೂ ಅದನ್ನು ಖಾಲಿ ಬಿಡಲಿಲ್ಲ.

ಹೆಸರು ಮುಚ್ಚಿ ಅರ್ಜಿ ಓದಿ ಎಂದು ನಿಮಗೆ ಕೆಲವರು ಸಲಹೆ ಕೊಟ್ಟಿದ್ದಾರೆ. ಅಮೆರಿಕದ ಹಲವು ವಾದ್ಯವೃಂದಗಳು ಹೀಗೆಯೇ 1970 ಮತ್ತು 80ರ ದಶಕಗಳಲ್ಲಿ ಹೊಸ ವಾದಕರನ್ನು ಪರದೆಯ ಹಿಂದೆ ಕೂರಿಸಿ ಪರೀಕ್ಷೆ ಮಾಡಲು ಆರಂಭಿಸಿದವು. ಹೆಜ್ಜೆಯ ಸದ್ದಿನಿಂದಲೂ ಗಂಡೋ ಹೆಣ್ಣೋ ತಿಳಿಯಬಾರದೆಂದು ಕೆಲವೆಡೆ ಜಮಖಾನೆ ಹಾಸುತ್ತಿದ್ದರು. ಒಳ್ಳೆಯ ಉಪಾಯವೇ. ನಾವೂ ಮಾಡಿದೆವು. ಮೊದಲ ಪ್ರಬಂಧದ ಎರಡನೇ ಸಾಲಿನಲ್ಲಿ 'ನನ್ನ ತಂದೆ ನಡೆಸುವ ಮುದ್ರಣಾಲಯದಲ್ಲಿ' ಎಂದು ಬಂತು. ಊರಿನಲ್ಲಿ ಇದ್ದದ್ದು ಒಂದೇ ಮುದ್ರಣಾಲಯ. ಕೋಣೆಯಲ್ಲಿ ಯಾರೋ ಕೆಮ್ಮಿದರು, ಎಲ್ಲರೂ ನಕ್ಕೆವು, ಪರದೆ ಅಲ್ಲಿಗೆ ಬಿತ್ತು.

ನಮಗೆ ನಿಜಕ್ಕೂ ಕೆಲಸಕ್ಕೆ ಬಂದದ್ದು ವಿನಿಮಯ. ಬೇರೊಂದು ಊರಿನ ಅಂಥದೇ ದತ್ತಿಯ ಜೊತೆ ಮಾತಾಡಿ, ನಮ್ಮ ಅರ್ಜಿಗಳನ್ನು ಅವರು, ಅವರವನ್ನು ನಾವು ಓದುವುದೆಂದು ಗೊತ್ತುಮಾಡಿಕೊಂಡೆವು. ಖರ್ಚಿಲ್ಲ, ಅಂಚೆವೆಚ್ಚ ಬಿಟ್ಟರೆ. ಪವಾಡವೇನೂ ಆಗಲಿಲ್ಲ. ಮೊದಲ ವರ್ಷವೇ ಅವರು ಆರಿಸಿದ ಮೂವರಲ್ಲಿ ಒಬ್ಬಳು ನಮ್ಮ ಖಜಾಂಚಿಯ ಮಗಳು! ಆದರೆ ಆ ಸಲ ಊರಿನಲ್ಲಿ ಯಾರೂ ತುಟಿ ಬಿಚ್ಚಲಿಲ್ಲ, ಆ ಹುಡುಗಿಯೂ ತಲೆ ಎತ್ತಿ ಓಡಾಡಿದಳು. ಸ್ವಚ್ಛ ಪದ್ಧತಿಯ ಲಾಭ ಸೋತವರಿಗೆ ಮಾತ್ರ ಎಂದು ಅದುವರೆಗೆ ನಾನು ತಿಳಿದಿದ್ದೆ.

ಇನ್ನು, ನಿಮಗೂ ಹುಟ್ಟಿನಿಂದ ಅನುಕೂಲವಿದೆ, ಬಾಯಿ ಮುಚ್ಚಿ ಎಂದವರ ವಿಚಾರ. ಅವರ ಮಾತಿನ ಮೊದಲರ್ಧ ಸರಿ, ಒಪ್ಪಿಕೊಂಡುಬಿಡಿ. ನನಗೂ ಓದುವ ಕಾಲದಲ್ಲಿ ಒಂದು ವೇತನ ಸಿಕ್ಕಿತ್ತು. ಅದಕ್ಕಾಗಿ ಯಾರೂ ಯಾರ ಕೈಯನ್ನೂ ಹಿಡಿಯಲಿಲ್ಲ. ಆದರೆ ಅಂಥದೊಂದು ಇದೆ ಎಂದು ನನಗೆ ತಿಳಿದದ್ದು ಅಪ್ಪನ ಗೆಳೆಯರೊಬ್ಬರು ನಮ್ಮ ಜಗಲಿಯಲ್ಲಿ ಕೂತು ಹೇಳಿದ್ದರಿಂದ. ನನ್ನ ತರಗತಿಯಲ್ಲಿ ನನಗಿಂತ ಚುರುಕಾದವರು ಕನಿಷ್ಠ ಮೂವರಿದ್ದರು. ಅವರ ಜಗಲಿಗೆ ಆ ಗೆಳೆಯರು ಬರುತ್ತಿರಲಿಲ್ಲ. ನನ್ನ ಅಂಕ ನನ್ನದೇ, ಆ ಸುದ್ದಿ ಮಾತ್ರ ಅಪ್ಪನದು. ಇದನ್ನು ಹೇಳಿಕೊಂಡ ಮಾತ್ರಕ್ಕೆ ಸಮಿತಿಯನ್ನು ಪ್ರಶ್ನಿಸುವ ಹಕ್ಕು ಹೋಗುವುದಿಲ್ಲ. ಒಳಗಿನ ದಾರಿ ಗೊತ್ತಿರುವವರು ಕೇಳದಿದ್ದರೆ, ದಾರಿಯೊಂದಿದೆ ಎಂಬುದೇ ಗೊತ್ತಿಲ್ಲದವರು ಏನೆಂದು ಕೇಳಬೇಕು?

ನಿಮ್ಮ ಒಂದು ತಪ್ಪನ್ನೂ ಹೇಳುತ್ತೇನೆ, ಬೇಸರ ಬೇಡ. ನೀವು ಆ ಹುಡುಗಿಯ ಹೆಸರನ್ನೂ ಅವಳ ಮನೆಯ ಕಾರನ್ನೂ ಎತ್ತಿದಿರಿ. ಆ ಕ್ಷಣಕ್ಕೆ ಸಮಿತಿಯವರು ಬಚಾವಾದರು. ಹದಿನೆಂಟರ ಹುಡುಗಿಯನ್ನು ಕಾಪಾಡುವುದು ಸುಲಭ, ಅಂಕಪಟ್ಟಿಯನ್ನು ಕಾಪಾಡುವುದು ಕಷ್ಟ. ನೀವು ಅವರಿಗೆ ಸುಲಭದ್ದನ್ನು ಕೊಟ್ಟಿರಿ. ಅವಳು ಮಾಡಿದ್ದು ಅರ್ಜಿ ಹಾಕಿದ್ದು ಮಾತ್ರ. ಒಂದು ಸಾಲು ಬರೆದು ಅವಳಿಗೆ ಕ್ಷಮೆ ಕೇಳಿ, ಅದೂ ಬಹಿರಂಗವಾಗಿಯೇ.

ಆಮೇಲೆ ಸಮಿತಿಗೆ ಪತ್ರ ಬರೆಯಿರಿ. ಅಮೆರಿಕದಲ್ಲಿ ಖಾಸಗಿ ಪ್ರತಿಷ್ಠಾನವೊಂದು ವಿದ್ಯಾರ್ಥಿವೇತನ ಕೊಡಬೇಕಾದರೆ ಆಯ್ಕೆಯ ಪದ್ಧತಿಗೆ ತೆರಿಗೆ ಇಲಾಖೆಯ ಒಪ್ಪಿಗೆಯನ್ನು ಮೊದಲೇ ಪಡೆದಿರಬೇಕು. 1969ರ ತೆರಿಗೆ ಸುಧಾರಣಾ ಕಾಯ್ದೆಯಿಂದ ಬಂದ ಕಟ್ಟಳೆ ಇದು. ಆಯ್ಕೆ ವಸ್ತುನಿಷ್ಠವಾಗಿರಬೇಕು, ಆರಿಸುವವರಿಗೆ ಅದರಿಂದ ಸ್ವಂತ ಲಾಭ ಇರಬಾರದು ಎಂಬುದು ಅದರ ತಿರುಳು. ಆ ಕಾನೂನು ನಿಮ್ಮ ಸಮಿತಿಯನ್ನು ಕಟ್ಟಿಹಾಕದೇ ಇರಬಹುದು, ಪ್ರಶ್ನೆಗಳನ್ನು ಎರವಲು ತರಲು ಅಡ್ಡಿಯಿಲ್ಲ. ಅಂಕ ಹಂಚಿಕೆ ಹೇಗೆ, ಎಷ್ಟು ಅರ್ಜಿ ಬಂದವು, ಎಷ್ಟು ಶಾಲೆಗಳಿಂದ, ಸದಸ್ಯರ ಬಂಧುಗಳು ಅರ್ಹರೋ ಅಲ್ಲವೋ. ಯಾರ ಹೆಸರೂ ಬೇಡ.

ಸಮಯವೂ ಮುಖ್ಯ. ಫಲಿತಾಂಶದ ಮರುದಿನ ಬರೆದ ಪತ್ರವನ್ನು ಸೋತವರ ಪತ್ರವೆಂದೇ ಓದುತ್ತಾರೆ. ಮುಂದಿನ ವರ್ಷದ ಪ್ರಕಟಣೆ ಹೊರಡುವ ಎರಡು ತಿಂಗಳ ಮೊದಲು ಬರೆಯಿರಿ. ಜೊತೆಗೆ ಈ ವರ್ಷದ ಅರ್ಜಿ ನಮೂನೆಯ ಒಂದು ಪ್ರತಿಯನ್ನು ಲಗತ್ತಿಸಿ, ಬದಲಾಗಬೇಕಾದ ಸಾಲಿನ ಪಕ್ಕದಲ್ಲಿ ಹೊಸ ಸಾಲನ್ನು ನಿಮ್ಮ ಕೈಯಿಂದಲೇ ಬರೆದುಕೊಡಿ. ನಮ್ಮ ಸಮಿತಿಯಲ್ಲಿ ಹಾಗೆ ಬರೆದು ತಂದದ್ದು ನಾನಲ್ಲ. ಎರಡನೆಯ ವರ್ಷ ಎದ್ದು ಹೊರಗೆ ಹೋಗಿದ್ದರಲ್ಲ, ಆ ಹಿರಿಯರು.