ಕರಾವಳಿಯಲ್ಲಿ ಕಡಿಮೆ ಖರ್ಚಿನ ಮನೆ: ಸ್ಲ್ಯಾಬ್ ಹಾಕುವುದೋ, ಹಂಚಿನ ಮಾಡೋ? ಹಂಚಾದರೆ ಮರವೋ, ಕಬ್ಬಿಣವೋ?

ಅಂಕೋಲಾದ ಹತ್ತಿರ 20 ಅಡಿ ಅಗಲ, 35 ಅಡಿ ಉದ್ದದ ಮನೆ, ಚಿರೇಕಲ್ಲಿನ ಗೋಡೆ ಲಿಂಟಲ್ (ಬಾಗಿಲು ಕಿಟಕಿಯ ಮೇಲಿನ ಅಡ್ಡತೊಲೆ) ಮಟ್ಟಕ್ಕೆ ಬಂದಿದೆ, ಕೈಯಲ್ಲಿದ್ದ ಹಣ ಕರಗುತ್ತಿದೆ, ಮಳೆಗಾಲಕ್ಕೆ ಮೊದಲು ಮೇಲೆ ಏನಾದರೂ ಬರಬೇಕು ಎಂದು ಬರೆದಿದ್ದೀರಿ. ಕುಮಟಾ ತಾಲೂಕಿನಲ್ಲಿ, ಸಮುದ್ರದ ಸದ್ದು ಕೇಳುವಷ್ಟು ಹತ್ತಿರದಲ್ಲಿ, ಹೆಚ್ಚುಕಡಿಮೆ ಇದೇ ಅಳತೆಯ ಮನೆ ಕಟ್ಟಿಸಿ ವಾಸವಾಗಿರುವವನು ನಾನು. ನನ್ನ ಉತ್ತರ: ಹಂಚು. ಹಂಚನ್ನು ಹೊರುವ ಚೌಕಟ್ಟು ಮರವೋ ಕಬ್ಬಿಣವೋ ಎನ್ನುವುದು ನೀವು ಅಂದುಕೊಂಡಷ್ಟು ದೊಡ್ಡ ಪ್ರಶ್ನೆಯಲ್ಲ. ದುಡ್ಡು ಉಳಿಯುವುದು ಅಥವಾ ಹೋಗುವುದು ಮಾಡಿನ, ಅಂದರೆ ಛಾವಣಿಯ, ಆಕಾರದಲ್ಲಿ.

ಮೊದಲು ಸ್ಲ್ಯಾಬಿನ ಮಾತು ಮುಗಿಸಿಬಿಡುತ್ತೇನೆ. ನಾಲ್ಕು ಇಂಚಿನ ಸ್ಲ್ಯಾಬ್ ಒಂದು ಚದರ ಮೀಟರಿಗೆ ಸುಮಾರು 250 ಕಿಲೋ ತೂಗುತ್ತದೆ. ಮಂಗಳೂರು ಹಂಚು ಒಂದು ಚದರ ಮೀಟರಿಗೆ ಹದಿನೈದರಂತೆ, ಒಂದೊಂದು ಎರಡೂವರೆ ಕಿಲೋ ಎಂದರೂ 40 ಕಿಲೋ ಒಳಗೆ. ನೆನೆದಾಗ ಸ್ವಲ್ಪ ಹೆಚ್ಚು. ಇನ್ನು ಉಪ್ಪುಗಾಳಿ. ಕರಾವಳಿಯ ಗಾಳಿಗೆ ತೆರೆದುಕೊಂಡ ಕಾಂಕ್ರೀಟಿಗೆ ಕಾಂಕ್ರೀಟಿನ ಭಾರತೀಯ ಮಾನಕವಾದ ಐಎಸ್ 456 ಸಂಹಿತೆ ಎಂ30 ಎಂಬ ಗಟ್ಟಿ ದರ್ಜೆಯನ್ನೂ ಸರಳಿನ ಮೇಲೆ 45 ಮಿಲಿಮೀಟರ್ ಹೊದಿಕೆಯನ್ನೂ ಕೇಳುತ್ತದೆ. ಕಡಿಮೆ ದರಕ್ಕೆ ಒಪ್ಪಿಕೊಂಡ ಗುತ್ತಿಗೆದಾರ ಇಷ್ಟನ್ನು ಪಾಲಿಸುತ್ತಾನೆಂದು ನೀವು ನಂಬುವುದಾದರೆ ನಂಬಿ. ಕಾರವಾರದಿಂದ ಭಟ್ಕಳದವರೆಗೆ ಹೆದ್ದಾರಿಯಲ್ಲಿ ಹೋಗುವಾಗ ಸ್ಲ್ಯಾಬ್ ಮನೆಗಳ ನೆತ್ತಿ ನೋಡಿ. ಎಷ್ಟೋ ಮನೆಗಳ ಮೇಲೆ ಮತ್ತೆ ಕಬ್ಬಿಣದ ಕಂಬ ನಿಲ್ಲಿಸಿ ಶೀಟು ಹೊದಿಸಿದ್ದಾರೆ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರ್ ದಾಟುವ ಮಳೆಗೆ ಚಪ್ಪಟೆ ಛಾವಣಿ ಸೋರಿದ ಮೇಲೆ ಮಾಡಿದ ಕೆಲಸ ಅದು. ಒಂದೇ ಮನೆಗೆ ಎರಡು ಮಾಡಿನ ಖರ್ಚು.

ಈಗ ಆಕಾರ. ನಿಮ್ಮ ನಕ್ಷೆಯಲ್ಲಿ ಮುಂದೆ ಚಾಚಿದ ಒಂದು ಕೋಣೆ, ಅದರ ಮೇಲೆ ಬೇರೆ ಮಾಡು, ನಾಲ್ಕೂ ಕಡೆ ಇಳಿಜಾರು ಇದೆ ಎಂದಿದ್ದೀರಿ. ಅದನ್ನು ಬಿಡಿ. ಎರಡೇ ಇಳಿಜಾರಿನ ನೇರ ಮಾಡು ಸಾಕು. ಎರಡು ಮಾಡುಗಳು ಕೂಡುವ ಒಳಮೂಲೆಯಲ್ಲಿ ನೀರು ಹರಿದುಹೋಗಲು ತಗಡಿನ ದೋಣಿ ಕೂರಿಸಬೇಕು, ಅಲ್ಲಿ ಪ್ರತಿ ಹಂಚನ್ನೂ ಓರೆಯಾಗಿ ಕತ್ತರಿಸಬೇಕು, ತರಗೆಲೆ ಕಟ್ಟಿಕೊಂಡರೆ ನೀರು ಒಳಗೆ ಬರುತ್ತದೆ. ಪಕಾಸುಗಳೆಲ್ಲ (ನೆತ್ತಿಯಿಂದ ಕೆಳಕ್ಕೆ ಇಳಿಯುವ ಮರಗಳು) ಬೇರೆ ಬೇರೆ ಉದ್ದವಾಗುತ್ತವೆ, ಬಡಗಿಯ ಕೂಲಿ ಏರುತ್ತದೆ, ಮರ ತುಂಡುತುಂಡಾಗಿ ಹಾಳಾಗುತ್ತದೆ. ನೋಡಲು ಚೆಂದವೇ, ಒಪ್ಪುತ್ತೇನೆ. ಆದರೆ ಆ ಚೆಂದಕ್ಕೆ ಪ್ರತಿ ಜೂನ್ ತಿಂಗಳಲ್ಲೂ ನೀವೇ ಏಣಿ ಹತ್ತಬೇಕು.

ಎರಡನೆಯದು, ಕತ್ತರಿ ಎಂದು ಬಡಗಿಗಳು ಕರೆಯುವ ತ್ರಿಕೋನದ ಚೌಕಟ್ಟು ನಿಮಗೆ ಬೇಕಾಗಿಲ್ಲ. 35 ಅಡಿ ಉದ್ದದಲ್ಲಿ ಎರಡು ಅಡ್ಡಗೋಡೆಗಳು ಹೇಗೂ ಬರುತ್ತವೆ. ಅವನ್ನೂ ಎರಡು ತುದಿಯ ಗೋಡೆಗಳನ್ನೂ ನೆತ್ತಿಯವರೆಗೆ ಮುಮ್ಮೂಲೆಯಾಗಿ ಏರಿಸಿದರೆ ಗೋಡೆಗಳೇ ತೊಲೆಯನ್ನು ಹೊರುತ್ತವೆ. ನಮ್ಮ ಜಿಲ್ಲೆಯ ಕರಾವಳಿಯಲ್ಲಿ ಚಿರೇಕಲ್ಲು ಮರಕ್ಕಿಂತ ಅಗ್ಗ. ಗೋಡೆಯಿಂದ ಗೋಡೆಗೆ ಹನ್ನೊಂದು ಅಡಿಯಷ್ಟೇ ಅಂತರವಾದ್ದರಿಂದ ತೊಲೆ ವಿಪರೀತ ದಪ್ಪ ಬೇಕಿಲ್ಲ. ನಮ್ಮ ಮನೆಯಲ್ಲಿ ನೆತ್ತಿಗೊಂದು, ಎರಡೂ ಇಳಿಜಾರಿನ ನಡುವೆ ಒಂದೊಂದು 4×6 ಇಂಚಿನ ಗಟ್ಟಿಮರದ ತೊಲೆ. ಅದರ ಮೇಲೆ ಎರಡು ಅಡಿಗೊಂದು 2×4 ಇಂಚಿನ ಪಕಾಸು. ಅದರ ಮೇಲೆ ಹಂಚು ಕೂರುವ ಅಡ್ಡಪಟ್ಟಿ, ಅಂದರೆ ರೀಪು. ನಿಮ್ಮ ಅಳತೆಯನ್ನು ಒಬ್ಬ ಇಂಜಿನಿಯರಿಗೆ ತೋರಿಸಿ, ಆ ಶುಲ್ಕ ದಂಡವಲ್ಲ. ಗೋಡೆಯಿಂದ ಮಧ್ಯದ ನೆತ್ತಿಯವರೆಗಿನ ಹತ್ತು ಅಡಿ ಅಗಲಕ್ಕೆ ಸುಮಾರು ಆರು ಅಡಿ ಎತ್ತರ ಬರಲಿ. ಇದಕ್ಕಿಂತ ಬಹಳ ಚಪ್ಪಟೆಯಾದರೆ ಗಾಳಿಮಳೆಗೆ ನೀರು ಹಂಚಿನ ಸಂದಿಯಿಂದ ಹಿಂದಕ್ಕೆ ನುಗ್ಗುತ್ತದೆ.

ಮುಮ್ಮೂಲೆ ಗೋಡೆ ಏರಿಸುವ ಮೊದಲು ಲಿಂಟಲ್ ಮಟ್ಟದಲ್ಲಿ ಸುತ್ತಲೂ ಕಾಂಕ್ರೀಟ್ ಪಟ್ಟಿ ಹಾಕಿಸಲೇಬೇಕು, ಮುಮ್ಮೂಲೆಯ ಇಳಿಜಾರಿನ ಮೇಲೂ ಒಂದು ತೆಳುಪಟ್ಟಿ. ಬಾಗಿಲು ಕಿಟಕಿಯ ಮೇಲೆ ಮಾತ್ರ ಲಿಂಟಲ್ ಇಟ್ಟು ಉಳಿದದ್ದನ್ನು ಬಿಡುವ ಸಲಹೆ ನಿಮಗೂ ಬಂದಿರಬಹುದು. ಅದನ್ನು ಕೇಳಬೇಡಿ. ಕರಾವಳಿಗೆ ಭೂಕಂಪದ ಅಪಾಯವೂ ಇದೆ, ಪಡುವಣ ಗಾಳಿಯ ಹೊಡೆತ ಬೇರೆ. ಪಟ್ಟಿಯಲ್ಲಿ ಸರಳಿನ ತುದಿಗಳನ್ನು ಮೇಲಕ್ಕೆ ಬಿಟ್ಟುಕೊಂಡರೆ ತೊಲೆಯನ್ನು ಅದಕ್ಕೇ ಬಿಗಿಯಬಹುದು. ಸೂರನ್ನು ಮೂರು ಅಡಿ ಚಾಚಿದಾಗ ಗಾಳಿ ಕೆಳಗಿನಿಂದಲೇ ಎತ್ತುವುದರಿಂದ, ಸೂರಂಚಿನ ಸಾಲಿನ ಹಂಚುಗಳನ್ನು ತಂತಿಯಿಂದ ಕಟ್ಟಿಸಿ.

ಮರದ ವಿಷಯ. ಹೊಸ ಸಾಗುವಾನಿ ನಿಮ್ಮ ಬಜೆಟ್ಟಿನ ಮಾತಲ್ಲ. ಮತ್ತಿ, ಹೊನ್ನೆ, ಹಲಸು ಸಾಕು. ಅದಕ್ಕಿಂತ ಒಳ್ಳೆಯದು, ಘಟ್ಟ ಹತ್ತಿ ಸಿರಸಿ, ಸಿದ್ದಾಪುರದ ಕಡೆ ವಿಚಾರಿಸುವುದು. ಅಲ್ಲಿ ಹಳೆಯ ಮನೆ ಕೆಡವಿ ಕಾಂಕ್ರೀಟಿನದು ಕಟ್ಟುವವರು ತೊಲೆ, ಪಕಾಸುಗಳನ್ನು ಮಾರುತ್ತಾರೆ. ಹತ್ತಾರು ವರ್ಷ ಒಲೆಯ ಹೊಗೆ ಕುಡಿದು ಒಣಗಿದ ಮರ ಇನ್ನು ತಿರುಚುವುದಿಲ್ಲ. ಗೋಡೆಯೊಳಗೆ ಹೂತಿದ್ದ ತುದಿಯನ್ನು ಮಾತ್ರ ಚಾಕುವಿನಿಂದ ಚುಚ್ಚಿ ನೋಡಿ. ಮೆತ್ತಗಿದ್ದರೆ ಒಂದಡಿ ಕಡಿದು ಲೆಕ್ಕ ಹಾಕಿ. ನಿಮ್ಮದೇ ಜಾಗದ ಮರ ಕಡಿಯುವುದಾದರೆ ಅರಣ್ಯ ಇಲಾಖೆಯ ಪರವಾನಗಿ ಮೊದಲು, ಕೊಡಲಿ ಆಮೇಲೆ. ಸೊಪ್ಪಿನ ಬೆಟ್ಟದಲ್ಲಿ (ತೋಟಕ್ಕೆ ಸೊಪ್ಪು ತರಲು ಬಿಟ್ಟ ಸರ್ಕಾರಿ ಕಾಡು) ಸೊಪ್ಪಿನ ಹಕ್ಕಿದೆ ಎಂದು ಮರವೂ ತಮ್ಮದೇ ಎಂದುಕೊಂಡು ಸಿಕ್ಕಿಬೀಳುವವರು ಇದ್ದಾರೆ. ತೆಂಗಿನ ಮರಕ್ಕೆ ಆ ತಾಪತ್ರಯವಿಲ್ಲ. ಹಳೆಯ ತೆಂಗಿನ ಹೊರಭಾಗ ಪಕಾಸಿಗೆ ಚೆನ್ನಾಗಿಯೇ ಆಗುತ್ತದೆ, ಒಳಗಿನ ತಿರುಳು ಯಾವುದಕ್ಕೂ ಬಾರದು. ಗೋಡೆಗೆ ತಾಗುವ ತುದಿಗಳಿಗೆಲ್ಲ ಗೇರೆಣ್ಣೆ ಬಳಿಸಿ. ಸಮುದ್ರಕ್ಕಿಳಿಯುವ ದೋಣಿಗೆ ಬಳಿಯುವುದೂ ಅದನ್ನೇ. ಕೈಗೆ ತಾಗಿದರೆ ಚರ್ಮ ಸುಲಿಯುತ್ತದೆ, ಹುಷಾರು.

ಕಬ್ಬಿಣವನ್ನು ನಾನು ತಳ್ಳಿಹಾಕುವುದಿಲ್ಲ. ಬೇಗ ಮುಗಿಯುತ್ತದೆ, ಗೆದ್ದಲು ಹಿಡಿಯದು. ಆದರೆ ದರ ಕಡಿಮೆ ಎಂದು ತೆಳು ಪೈಪು ತಂದರೆ ಅದು ಒಳಗಿನಿಂದ ತುಕ್ಕು ತಿಂದು, ಹೊರಗೆ ಬಣ್ಣ ಹೊಳೆಯುತ್ತಿರುವಾಗಲೇ ತೂತಾಗುತ್ತದೆ. ಎರಡು ಮಿಲಿಮೀಟರಿಗಿಂತ ತೆಳುವಾದದ್ದು ಬೇಡ. ಪೈಪಿನ ಬಾಯಿಗಳನ್ನು ಬೆಸುಗೆ ಹಾಕಿ ಮುಚ್ಚಿಸಿ. ತುಕ್ಕು ಮೊದಲು ಹಿಡಿಯುವುದು ಬೆಸುಗೆಯ ಜಾಗಕ್ಕೆ. ಮೇಲಿನ ಕಿಟ್ಟವನ್ನು ಕೆರೆದು ತೆಗೆದ ಮೇಲೆಯೇ ಪ್ರೈಮರ್. ಪೈಪನ್ನು ಮೇಲೆ ಏರಿಸುವ ಮೊದಲೇ, ನೆಲದ ಮೇಲಿದ್ದಾಗಲೇ ಬಣ್ಣ ಮುಗಿಯಲಿ. ಹಂಚು ಕೂತ ಮೇಲೆ ಪೈಪಿನ ಬೆನ್ನಿಗೆ ಬ್ರಶ್ ಹೋಗುವುದಿಲ್ಲ.

ರೀಪಿನ ಅಂತರದ ಬಗ್ಗೆ ಯಾರೂ ಹೇಳುವುದಿಲ್ಲ, ಆದ್ದರಿಂದ ನಾನು ಹೇಳುತ್ತೇನೆ. ‘ಹನ್ನೆರಡೂವರೆ ಇಂಚು’ ಎಂದು ಬಾಯಿಪಾಠ ಒಪ್ಪಿಸುವ ಬಡಗಿಯನ್ನು ತಡೆಯಿರಿ. ಹಂಚು ತಂದ ಮೇಲೆ ರೀಪು ಹೊಡೆಯಬೇಕು. ನಮ್ಮ ಮನೆಗೆ ಬಂದ ವಯಸ್ಸಾದ ಆಚಾರಿ ಹತ್ತು ಹಂಚುಗಳನ್ನು ಅಂಗಳದಲ್ಲಿ ಒಂದರ ಮೇಲೊಂದು ಕೂರುವಂತೆ ಸಾಲಾಗಿ ಜೋಡಿಸಿದರು. ಮೊದಲು ಎಲ್ಲವನ್ನೂ ಕೆಳಕ್ಕೆ ಎಳೆದು ಅಳೆದರು, ನಂತರ ಮೇಲಕ್ಕೆ ಒತ್ತಿ ಅಳೆದರು, ಎರಡರ ನಡುವಿನ ಅಳತೆಗೆ ಒಂದು ರೀಪಿನ ತುಂಡು ಕತ್ತರಿಸಿಕೊಂಡರು. ಮಾಡಿನ ಉದ್ದಕ್ಕೂ ಆ ತುಂಡೇ ಅವರ ಅಳತೆಗೋಲು. ಅಳತೆಪಟ್ಟಿಯನ್ನು ಮತ್ತೆ ಜೇಬಿನಿಂದ ತೆಗೆಯಲಿಲ್ಲ. ಅಂತರ ಹೆಚ್ಚಾದರೆ ಹಂಚಿನ ಹಿಂದಿನ ಮೂಗು ರೀಪಿಗೆ ಸಿಗುವುದಿಲ್ಲ, ಕಡಿಮೆಯಾದರೆ ಹಂಚು ಎದ್ದು ನಿಲ್ಲುತ್ತದೆ.

ಹಳೆಯ ಹಂಚು ಕೊಳ್ಳಬಹುದೇ ಎಂದರೆ, ಧಾರಾಳವಾಗಿ. ಬಾಸೆಲ್ ಮಿಷನ್ 1865ರಲ್ಲಿ ಮಂಗಳೂರಿನಲ್ಲಿ ಕಾರ್ಖಾನೆ ತೆರೆದ ಮೇಲೆ ಈ ಕರಾವಳಿಯಲ್ಲಿ ಹುಟ್ಟಿಕೊಂಡ ಹಂಚಿನ ಕಾರ್ಖಾನೆಗಳು ಒಂದೆರಡಲ್ಲ, ಒಂದರ ಅಚ್ಚು ಇನ್ನೊಂದಕ್ಕೆ ಸರಿಯಾಗಿ ಕೂರುವುದಿಲ್ಲ. ಬೆನ್ನ ಮೇಲಿನ ಮುದ್ರೆ ನೋಡಿ ಒಂದೇ ಕಾರ್ಖಾನೆಯದನ್ನು ಆರಿಸಿ. ಬೆರಳಿನಿಂದ ತಟ್ಟಿದರೆ ಟಣ್ ಎನ್ನಬೇಕು. ಸೂರು ಸೇರಿ ನಿಮ್ಮ ಮಾಡಿಗೆ ಸುಮಾರು 1,700 ಹಂಚು ಬೇಕಾಗುತ್ತದೆ, ಒಡೆಯುವುದಕ್ಕೆಂದು ನೂರು ಹೆಚ್ಚಿಗೆ ಇಟ್ಟುಕೊಳ್ಳಿ.

ಹಣ ಮುಗಿದರೆ ಒಳಗಿನ ಗಿಲಾಯಿ, ನೆಲದ ಟೈಲ್ಸ್, ಬಣ್ಣ ಎಲ್ಲ ಮುಂದಿನ ವರ್ಷಕ್ಕೆ ಹೋಗಲಿ. ಮಾಡು ಕುಳಿತ ಮೇಲೆ ಅವು ಕಾಯುತ್ತವೆ. ಮಾಡು ಈ ವರ್ಷ ಆಗದಿದ್ದರೂ ಗೋಡೆಯ ತಲೆಗಳನ್ನು ತಾಡಪಾಲಿನಿಂದ ಮುಚ್ಚಿಸಿ, ಚಿರೇಕಲ್ಲು ತಿಂಗಳುಗಟ್ಟಲೆ ನೀರು ಕುಡಿಯಬಾರದು. ಬಡಗಿಯನ್ನು ಈಗಲೇ ಗೊತ್ತುಮಾಡಿ, ಮುಂಗಡದ ಜೊತೆಗೆ ಕೆಲಸ ಶುರುವಾಗುವ ತಾರೀಕನ್ನೂ ಬರೆಸಿಕೊಳ್ಳಿ. ಮೇ ತಿಂಗಳಲ್ಲಿ ಕೈಹಂಚು (ಕೈಯಿಂದ ಮಾಡಿದ ಹಂಚು) ಬದಲಿಸುವವರು, ಕೊಟ್ಟಿಗೆ ರಿಪೇರಿಯವರು ಎಲ್ಲರೂ ಅದೇ ನಾಲ್ಕು ಜನ ಬಡಗಿಗಳ ಹಿಂದೆ ಬಿದ್ದಿರುತ್ತಾರೆ.