ಸಂಘ ಬಿಟ್ಟರೆ ಸೀನಿಯಾರಿಟಿ ಜಗಳ ಮುಗಿಯುತ್ತದೆಯೇ?

ಓದುಗರ ಪತ್ರ:

ಮಾನ್ಯ ಸಂಪಾದಕರೇ, ನಾನು ಸಾರಿಗೆ ನಿಗಮದಲ್ಲಿ ಡ್ರೈವರ್ ಆಗಿದ್ದು ನಿವೃತ್ತನಾದವನು. ಈಗ ಊರಲ್ಲಿ ಅಷ್ಟಿಷ್ಟು ಕಾಫಿ, ಮೆಣಸು ನೋಡಿಕೊಂಡಿದ್ದೇನೆ. ನನ್ನ ಅಣ್ಣನ ಮಗ ಅಮೆರಿಕದಲ್ಲಿ ಪೈಲಟ್. ಅವರ ಕಂಪನಿಯ ಪೈಲಟ್‌ಗಳು ದೇಶದ ದೊಡ್ಡ ಸಂಘ ಬಿಟ್ಟು ತಮ್ಮದೇ ಸಂಘ ಕಟ್ಟಬೇಕೋ ಬೇಡವೋ ಎಂದು ಕಿತ್ತಾಡುತ್ತಿದ್ದಾರಂತೆ. ಯುಗಾದಿಗೆ ಫೋನ್ ಮಾಡಿದಾಗ ಪೂರ್ತಿ ಅದೇ ಮಾತು. 2021ರ ಮುಷ್ಕರದಲ್ಲಿ ನಮ್ಮ ಹುಡುಗರೂ ಹಳೆಯ ಫೆಡರೇಷನ್ ಬದಿಗಿಟ್ಟು ನೌಕರರ ಕೂಟದ ಹಿಂದೆ ಹೋದರು. ಇದೂ ಹಾಗೆಯೇ ಅಲ್ವಾ? ಲಕ್ಷಗಟ್ಟಲೆ ಸಂಬಳ ಇರುವವರಿಗೆ ಸಂಘ ಯಾಕೆ? ನಮ್ಮ ದೇಶದ ಪೈಲಟ್‌ಗಳಿಗೂ ಸಂಘ ಇದೆಯಾ? ನೀವಾಗಿದ್ದರೆ ಅವನಿಗೆ ಏನು ಹೇಳುತ್ತಿದ್ದಿರಿ?
(ಸಕಲೇಶಪುರ ತಾಲ್ಲೂಕಿನ ಓದುಗರು)

ಸಂಪಾದಕರ ಉತ್ತರ:

ನಿಮ್ಮ ಪತ್ರದಲ್ಲಿದ್ದ ಕಂಪನಿಯ ಹೆಸರನ್ನು ತೆಗೆದಿದ್ದೇವೆ. ಚರ್ಚೆ ಇನ್ನೂ ನಡೆಯುತ್ತಿದೆ, ಆ ಹುಡುಗನಿಗೆ ಸುಮ್ನೆ ತೊಂದರೆ ಯಾಕೆ? ನಮ್ಮ ಪತ್ರಿಕೆ ಹಾಸನ, ಚಿಕ್ಕಮಗಳೂರು ದಾಟಿ ಹೋಗುವುದಿಲ್ಲ ಎಂದು ನೀವು ನಗಬಹುದು. ಆದರೆ ಇಲ್ಲಿಯ ಮಕ್ಕಳು ದಾಟಿ ಹೋಗಿದ್ದಾರೆ. ಅವರ ಫೋನಿಗೆ ಇಲ್ಲಿಯ ಪುಟಗಳೂ ಹೋಗುತ್ತವೆ.

ಮೊದಲು ಸಂಬಳದ ಮಾತು. ಪೈಲಟ್ ಸಂಘ ಹುಟ್ಟಿದ್ದು ಬರೀ ದುಡ್ಡಿಗಾಗಿ ಅಲ್ಲ. ಅಮೆರಿಕದ ಏರ್ ಲೈನ್ ಪೈಲಟ್ಸ್ ಅಸೋಸಿಯೇಷನ್, ಅಂದರೆ ಆಲ್ಪಾ, ಶುರುವಾಗಿದ್ದು 1931ರಲ್ಲಿ. ಕಟ್ಟಿದ ಡೇವಿಡ್ ಬೆಂಕಿ ಸ್ವತಃ ಪೈಲಟ್. ಮೋಡ ಇರಲಿ, ಹಿಮ ಇರಲಿ, ಟಪಾಲು ಹೊತ್ತು ಹಾರಲೇಬೇಕು ಎಂಬ ಕಾಲ ಅದು. ಆಗಲ್ಲ ಅಂದವನ ಜಾಗಕ್ಕೆ ಇನ್ನೊಬ್ಬ ಬರುತ್ತಿದ್ದ. ಹಾಗೆ ಹಾರಿ ಸತ್ತವರು ಕಡಿಮೆ ಅಲ್ಲ. 'ಆಗಲ್ಲ' ಎಂದು ಒಬ್ಬನೇ ಹೇಳಿದರೆ ಕೆಲಸ ಹೋಗುತ್ತದೆ, ಎಲ್ಲರೂ ಹೇಳಿದರೆ ವಿಮಾನ ನಿಲ್ಲುತ್ತದೆ. ಶಿರಾಡಿ ಘಾಟಿಯಲ್ಲಿ ಮಳೆಗಾಲದ ರಾತ್ರಿ ಬಸ್ ಓಡಿಸಿದವರಿಗೆ ಇದನ್ನು ನಾವು ಬಿಡಿಸಿ ಹೇಳಬೇಕಾಗಿಲ್ಲ. ಈಗ ಆಲ್ಪಾದಲ್ಲಿ ಅಮೆರಿಕ, ಕೆನಡಾದ ಸುಮಾರು 80 ಸಾವಿರ ಪೈಲಟ್‌ಗಳಿದ್ದಾರೆ. ಚಂದಾ ಸಂಬಳದ ಶೇಕಡ 2ಕ್ಕಿಂತ ಸ್ವಲ್ಪ ಕಡಿಮೆ. ದೊಡ್ಡ ವಿಮಾನದ ಕ್ಯಾಪ್ಟನ್‌ಗೆ ವರ್ಷಕ್ಕೆ ಅದು ಸಣ್ಣ ಮೊತ್ತವೇನಲ್ಲ. ಬಿಡೋಣ ಎನ್ನುವವರ ಬಾಯಲ್ಲಿ ಮೊದಲು ಬರುವುದು ಈ ಚಂದಾದ ಮಾತೇ. ನನಗೆ ಅದು ಅಸಲಿ ಕಾರಣ ಅನ್ನಿಸುವುದಿಲ್ಲ.

ಅಸಲಿ ಕಾರಣ ಸೀನಿಯಾರಿಟಿ. ಡಿಪೋದಲ್ಲಿ ರೂಟು, ರಜೆ ಹಂಚುವಾಗ ಅದರ ಬೆಲೆ ಎಷ್ಟು ಎಂದು ನೀವು ಕಂಡವರು. ಪೈಲಟ್‌ಗಳಲ್ಲಿ ಅದು ಇನ್ನೂ ಕಠಿಣ. ಯಾವ ವಿಮಾನ, ಯಾವ ಊರಿನ ಬೇಸ್, ಕ್ಯಾಪ್ಟನ್ ಆಗುವುದು ಯಾವಾಗ, ದೀಪಾವಳಿಗೆ ಮನೆಯಲ್ಲೋ ಆಕಾಶದಲ್ಲೋ, ಎಲ್ಲ ಸೀನಿಯಾರಿಟಿ ಪಟ್ಟಿಯ ನಂಬರ್ ಮೇಲೆ. ಕಂಪನಿ ನಷ್ಟದಲ್ಲಿದ್ದರೆ ಮನೆಗೆ ಕಳಿಸುವುದೂ ಪಟ್ಟಿಯ ಕೆಳಗಿನಿಂದ. ಇಪ್ಪತ್ತು ವರ್ಷ ಹಾರಿಸಿದ ಕ್ಯಾಪ್ಟನ್ ಬೇರೆ ಕಂಪನಿಗೆ ಹೋದರೆ ಅಲ್ಲಿ ನಿನ್ನೆ ಸೇರಿದ ಹುಡುಗನ ಕೆಳಗೆ ನಿಲ್ಲಬೇಕು. ಹಾಗಾಗಿ ಯಾರೂ ಸುಲಭವಾಗಿ ಕಂಪನಿ ಬಿಟ್ಟು ಹೋಗುವುದಿಲ್ಲ. ಆದರೆ ಎರಡು ಕಂಪನಿ ಒಂದಾದರೆ? ಎರಡು ಪಟ್ಟಿ ಸೇರಿ ಒಂದಾಗಬೇಕು. ಅಣ್ಣತಮ್ಮಂದಿರ ಹಿಸ್ಸೆಯಲ್ಲಿ ತೋಟದ ಯಾವ ಬದಿ ಯಾರಿಗೆ ಅನ್ನುವಾಗ ಹೇಗಿರುತ್ತದೋ, ಥೇಟ್ ಹಾಗೆ.

ಇಲ್ಲಿ ಒಂದು ಕಥೆಯನ್ನು ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ, ನಿಮ್ಮ ಹುಡುಗನಿಗೂ ಗೊತ್ತಿರುತ್ತದೆ. 2005ರಲ್ಲಿ ಯುಎಸ್ ಏರ್‌ವೇಸ್ ಮತ್ತು ಅಮೆರಿಕ ವೆಸ್ಟ್ ಒಂದಾದವು. ಎರಡೂ ಕಡೆಯ ಪೈಲಟ್‌ಗಳು ಆಲ್ಪಾ ಸದಸ್ಯರೇ. ಪಟ್ಟಿ ಸೇರಿಸುವ ಮಾತುಕತೆ ಮುರಿದು, ವಿಷಯ ಜಾರ್ಜ್ ನಿಕೊಲಾವ್ ಎಂಬ ಮಧ್ಯಸ್ಥಗಾರರ ಮುಂದೆ ಹೋಯಿತು. ಅವರ ತೀರ್ಪೇ ಕೊನೆ ಎಂಬುದು ಸಂಘದ ನಿಯಮ. 2007ರಲ್ಲಿ ತೀರ್ಪು ಬಂತು. ಪೂರ್ವದವರು, ಅಂದರೆ ಯುಎಸ್ ಏರ್‌ವೇಸ್‌ನವರು, ಸೇರಿದ ದಿನಾಂಕದಂತೆ ಪಟ್ಟಿ ಮಾಡಿ ಎಂದಿದ್ದರು. ನಿಕೊಲಾವ್ ಒಪ್ಪಲಿಲ್ಲ. ಕಂಪನಿಗಳು ಒಂದಾಗುವ ಹೊತ್ತಿಗೆ ಯಾರ ಕೈಯಲ್ಲಿ ಕೆಲಸ ಇತ್ತು, ಯಾರ ಮುಂದೆ ಎಂಥ ದಾರಿ ಇತ್ತು ಎಂದು ನೋಡಿದರು. ಪೂರ್ವದ ಕಂಪನಿ ದಿವಾಳಿಯಾಗಿ ಎಷ್ಟೋ ಜನರನ್ನು ಮನೆಗೆ ಕಳಿಸಿತ್ತು. ಹದಿನೇಳು ವರ್ಷದ ಅನುಭವ ಇದ್ದವರು ಕೂಡ ಪಶ್ಚಿಮದ ಹೊಸಬರ ಕೆಳಗೆ ಹೋದರು.

ಅವರಿಗೆ ಹೊಟ್ಟೆ ಉರಿದದ್ದು ತಪ್ಪಲ್ಲ. ಪಶ್ಚಿಮದವರದ್ದೂ ತಪ್ಪಿಲ್ಲ, ಮುಳುಗುತ್ತಿದ್ದ ಕಂಪನಿ ತಮ್ಮಿಂದ ಉಳಿಯಿತು ಎಂಬುದು ಅವರ ವಾದ. ಪೂರ್ವದವರ ಸಂಖ್ಯೆ ಬಹಳ ಜಾಸ್ತಿ ಇತ್ತು. ಅವರು ಯುಸಾಪಾ ಎಂಬ ಹೊಸ ಸಂಘ ಕಟ್ಟಿದರು. ತೀರ್ಪು ಆಲ್ಪಾದ್ದು, ಆಲ್ಪಾ ಹೋದರೆ ತೀರ್ಪೂ ಹೋಯಿತು ಎಂಬ ಲೆಕ್ಕ. 2008ರ ಏಪ್ರಿಲ್‌ನಲ್ಲಿ ಮತದಾನ ಆಯಿತು. ಹೊಸ ಸಂಘಕ್ಕೆ 2,723, ಹಳೆಯದಕ್ಕೆ 2,254. ಅಲ್ಪ ಅಂತರದಲ್ಲಿ ಆಲ್ಪಾ ಹೊರಗೆ.

ಆಮೇಲೆ? ಪಶ್ಚಿಮದವರು ಕೋರ್ಟಿಗೆ ಹೋದರು. 2009ರಲ್ಲಿ ಗೆದ್ದರು, 2010ರಲ್ಲಿ ಮೇಲಿನ ಕೋರ್ಟು ಇದು ತೀರ್ಮಾನದ ಹೊತ್ತಲ್ಲ ಎಂದಿತು, ಮತ್ತೆ ಕೇಸು, ಮತ್ತೆ ವಕೀಲರು. ಒಂದೇ ಕಂಪನಿಯಲ್ಲಿ ಎರಡು ಒಪ್ಪಂದ, ಎರಡು ಪಟ್ಟಿ. ಪೂರ್ವದವರು ದಿವಾಳಿ ಕಾಲದ ಕಡಿಮೆ ಸಂಬಳದಲ್ಲೇ ವರ್ಷಗಟ್ಟಲೆ ಹಾರಿದರು. ಕಂಪನಿಗೆ ಇದರಿಂದ ಏನು ನಷ್ಟ ಹೇಳಿ? 2013ರಲ್ಲಿ ಅಮೆರಿಕನ್ ಏರ್‌ಲೈನ್ಸ್ ಜೊತೆ ಮತ್ತೊಂದು ವಿಲೀನ ಆಯಿತು. 2014ರಲ್ಲಿ ಅಲ್ಲಿಯ ದೊಡ್ಡ ಸಂಘವೇ ಎಲ್ಲರ ಪ್ರತಿನಿಧಿ ಆಯಿತು, ಯುಸಾಪಾ ಲೆಕ್ಕಕ್ಕಿಲ್ಲದಂತಾಯಿತು. ಎಲ್ಲರಿಗೂ ಸೇರಿ ಒಂದೇ ಪಟ್ಟಿ ಬಂದದ್ದು 2016ರಲ್ಲಿ, ಅದೂ ಮತ್ತೆ ಮಧ್ಯಸ್ಥಗಾರರ ಕೈಯಿಂದ. ಯಾರಿಂದ ತಪ್ಪಿಸಿಕೊಳ್ಳಲು ಸಂಘ ಬಿಟ್ಟಿದ್ದರೋ ಅಂಥವರ ಮುಂದೆಯೇ ಮರಳಿ ಬಂದು ನಿಂತರು.

ಕೆನಡಾದಲ್ಲೂ ಇದೇ ರಾಗ. ಏರ್ ಕೆನಡಾದವರು 1995ರಲ್ಲಿ ತಮ್ಮ ರಾಷ್ಟ್ರೀಯ ಸಂಘ ಬಿಟ್ಟರು. ಸಣ್ಣ ಪ್ರಾದೇಶಿಕ ಕಂಪನಿಗಳ ಪೈಲಟ್‌ಗಳ ಜೊತೆ ಪಟ್ಟಿ ಬೆರೆಸುವ ವಿಷಯಕ್ಕೆ. ಇಪ್ಪತ್ತೆಂಟು ವರ್ಷ ಸ್ವಂತ ಸಂಘ ನಡೆಸಿ, 2023ರಲ್ಲಿ ಆಲ್ಪಾ ಸೇರಿದರು. ಫೆಡೆಕ್ಸ್ ಪೈಲಟ್‌ಗಳೂ 1990ರ ದಶಕದಲ್ಲಿ ಬಿಟ್ಟು 2002ರಲ್ಲಿ ಮರಳಿದರು.

ಹಾಗಂತ ಬಿಟ್ಟವರೆಲ್ಲ ಕೆಟ್ಟರು ಎಂದು ಬರೆದರೆ ಅದು ಸುಳ್ಳು. ಅಮೆರಿಕನ್ ಏರ್‌ಲೈನ್ಸ್ ಪೈಲಟ್‌ಗಳು 1963ರಲ್ಲೇ ಆಲ್ಪಾ ಬಿಟ್ಟರು. ಕಾಕ್‌ಪಿಟ್‌ನ ಮೂರನೇ ಸೀಟಿನಲ್ಲಿ ಯಾರು ಕೂರಬೇಕು ಎಂಬ ತಕರಾರು, ಜೊತೆಗೆ ತಮ್ಮ ಒಪ್ಪಂದದಲ್ಲಿ ರಾಷ್ಟ್ರೀಯ ನಾಯಕರು ಕೈ ಹಾಕುತ್ತಾರೆ ಎಂಬ ಸಿಟ್ಟು. ಅವರು ಕಟ್ಟಿದ ಅಲೈಡ್ ಪೈಲಟ್ಸ್ ಅಸೋಸಿಯೇಷನ್ ಇವತ್ತಿಗೂ ಗಟ್ಟಿ. ಸೌತ್‌ವೆಸ್ಟ್‌ನವರದ್ದೂ ಸ್ವಂತ ಸಂಘವೇ. ವ್ಯತ್ಯಾಸ ನೋಡಿ. 1963ರಲ್ಲಿ ಹೋದವರ ಸಿಟ್ಟು ದೂರದ ನಾಯಕರ ಮೇಲೆ. ತಮ್ಮ ಮಾಲೀಕರ ಜೊತೆ ತಾವೇ ಕೂತು ಮಾತಾಡುತ್ತೇವೆ ಅಂದರು, ಮಾತಾಡಿದರು. 2008ರಲ್ಲಿ ಹೋದವರ ಸಿಟ್ಟು ಪಕ್ಕದ ಸೀಟಿನವನ ಮೇಲೆ. ಆ ಪಕ್ಕದ ಸೀಟಿನವನು ಹೊಸ ಸಂಘದಲ್ಲೂ ಪಕ್ಕದಲ್ಲೇ ಇದ್ದ. ನಾನು ಈ ವಿಷಯ ನೋಡುವುದು ಇದೊಂದೇ ಕಡೆಯಿಂದ: ಜಗಳ ಯಾರ ಮೇಲೆ?

ನಿಮ್ಮ 2021ರ ಮಾತಿಗೆ ಈಗ ಬರುತ್ತೇನೆ. ಏಪ್ರಿಲ್ 7ರಿಂದ 21ರವರೆಗೆ ಬಸ್ಸಿಲ್ಲದೆ ಹಾಸನದ ಬಸ್ ಸ್ಟ್ಯಾಂಡ್ ಹೇಗಿತ್ತು ಎಂದು ನಮಗೆಲ್ಲ ನೆನಪಿದೆ. ಎಐಟಿಯುಸಿ ಜೊತೆಗಿದ್ದ ಹಳೆಯ ಫೆಡರೇಷನ್ ಹೊರಗೆ ನಿಂತಿತ್ತು. ಕೋಡಿಹಳ್ಳಿ ಚಂದ್ರಶೇಖರ್ ಮುಂದಾಳತ್ವದ ಕೂಟ ಆರನೇ ವೇತನ ಆಯೋಗದ ಸಂಬಳ ಕೇಳಿತು. ಹಳಬರು ನಮ್ಮ ಮಾತು ಕೇಳಿಸಿಕೊಳ್ಳುತ್ತಿಲ್ಲ ಎಂಬ ಬೇಸರ ಎರಡೂ ಕಡೆ ಒಂದೇ, ಅಷ್ಟರ ಮಟ್ಟಿಗೆ ನಿಮ್ಮ ಹೋಲಿಕೆ ಸರಿ. ಆದರೆ ನಮ್ಮ ಡ್ರೈವರ್, ಕಂಡಕ್ಟರ್‌ಗಳು ಕೇಳಿದ್ದು ಸರ್ಕಾರವನ್ನು. ಅರಸೀಕೆರೆ ಡಿಪೋದವರ ಪಾಲು ಕಿತ್ತು ನಮಗೆ ಕೊಡಿ ಎಂದು ಸಕಲೇಶಪುರದವರು ಕೂರಲಿಲ್ಲ. ಆ ಮುಷ್ಕರ ಗೆದ್ದಿತೋ ಸೋತಿತೋ ಎಂಬ ವಾದ ಇಲ್ಲಿ ಬೇಡ. ಅದಕ್ಕೆ ಬರುವ ಪತ್ರಗಳನ್ನು ಹಾಕಲು ನಮ್ಮಲ್ಲಿ ಜಾಗ ಇಲ್ಲ!

ನಮ್ಮ ದೇಶದಲ್ಲೂ ಪೈಲಟ್ ಸಂಘಗಳಿವೆ, ಜಗಳವೂ ಇದೆ. ಹಳೆಯ ಏರ್ ಇಂಡಿಯಾದವರದ್ದು ಇಂಡಿಯನ್ ಪೈಲಟ್ಸ್ ಗಿಲ್ಡ್. ಇಂಡಿಯನ್ ಏರ್‌ಲೈನ್ಸ್‌ನವರದ್ದು ಇಂಡಿಯನ್ ಕಮರ್ಷಿಯಲ್ ಪೈಲಟ್ಸ್ ಅಸೋಸಿಯೇಷನ್. 2007ರಲ್ಲಿ ಕಂಪನಿಗಳು ಒಂದಾದವು, ಸಂಘಗಳು ಆಗಲಿಲ್ಲ. 2011ರಲ್ಲಿ ಇಂಡಿಯನ್ ಏರ್‌ಲೈನ್ಸ್ ಕಡೆಯ ಸಂಘ ಸಮಾನ ಸಂಬಳ ಕೇಳಿ ಮುಷ್ಕರ ಹೂಡಿತು. 2012ರಲ್ಲಿ ಗಿಲ್ಡ್ 58 ದಿನ ಮುಷ್ಕರ ಕೂತಿತು. ಮುಖ್ಯ ತಕರಾರು ಏನು ಗೊತ್ತಾ? ಹೊಸ ಡ್ರೀಮ್‌ಲೈನರ್ ವಿಮಾನದ ತರಬೇತಿ ಇಂಡಿಯನ್ ಏರ್‌ಲೈನ್ಸ್ ಕಡೆಯವರಿಗೂ ಕೊಡುತ್ತಾರೆ ಎಂಬುದು. ಎರಡೂ ಸಲ ಆಡಳಿತ ಮಂಡಳಿ ಆಯಾ ಸಂಘದ ಮಾನ್ಯತೆ ಕಿತ್ತು ಹಾಕಿತು. ಒಂದು ಕೂತಾಗ ಇನ್ನೊಂದು ಹಾರುತ್ತಿತ್ತು. ಹೀಗಿದ್ದರೆ ಆಡಳಿತದವರಿಗೆ ಯಾಕೆ ಚಿಂತೆ?

ಒಂದು ಮಾತು ಮಾತ್ರ ನಿಮ್ಮ ಹುಡುಗ ಗಟ್ಟಿಯಾಗಿ ಯೋಚಿಸಬೇಕು. ಸಂಬಳ ಕಂಪನಿಯಲ್ಲಿ ತೀರ್ಮಾನ ಆಗುತ್ತದೆ, ನಿದ್ದೆ ಆಗುವುದಿಲ್ಲ. ಪೈಲಟ್ ಎಷ್ಟು ಗಂಟೆ ಹಾರಬೇಕು, ಎಷ್ಟು ಮಲಗಬೇಕು ಎಂದು ಬರೆಯುವುದು ಸರ್ಕಾರ. 2010ರ ಮೇ 22ರಂದು ಬಜ್ಪೆಯಲ್ಲಿ ದುಬೈ ವಿಮಾನ ಬಿದ್ದು 158 ಜನ ಸತ್ತದ್ದನ್ನು ನಮ್ಮ ಮಲೆನಾಡಿನವರು ಮರೆತಿಲ್ಲ. ಕಾಕ್‌ಪಿಟ್ ರೆಕಾರ್ಡರ್‌ನಲ್ಲಿ ಕ್ಯಾಪ್ಟನ್‌ರ ಗೊರಕೆ ಸಿಕ್ಕಿತು. ಹಾರಾಟದ ಬಹುಪಾಲು ಅವರು ನಿದ್ದೆಯಲ್ಲಿದ್ದರು, ಎದ್ದ ಮೇಲೂ ಮಂಪರು ಬಿಟ್ಟಿರಲಿಲ್ಲ ಎಂದು ತನಿಖಾ ವರದಿ ಹೇಳಿತು. ಅದಕ್ಕೆ ಒಂದು ವರ್ಷ ಮೊದಲು, 2009ರ ಫೆಬ್ರುವರಿಯಲ್ಲಿ, ಅಮೆರಿಕದ ಬಫಲೋ ಹತ್ತಿರ ಕೋಲ್ಗನ್ ಕಂಪನಿಯ ಸಣ್ಣ ವಿಮಾನ ಬಿದ್ದು 50 ಜನ ಸತ್ತಿದ್ದರು. ಸಹ ಪೈಲಟ್ ಹಿಂದಿನ ರಾತ್ರಿ ಸಿಯಾಟಲ್‌ನಿಂದ ದೇಶದ ಆ ತುದಿಯಿಂದ ಈ ತುದಿಗೆ ವಿಮಾನದಲ್ಲಿ ಬಂದು ಕೆಲಸಕ್ಕೆ ಕೂತಿದ್ದರು. ಆಮೇಲೆ ಅಲ್ಲಿ ವಿಶ್ರಾಂತಿ ನಿಯಮ ಬದಲಾಗಿ, 2014ರ ಜನವರಿಯಿಂದ ಜಾರಿಗೆ ಬಂತು. ಮೃತರ ಮನೆಯವರ ಜೊತೆಗೆ ಆಲ್ಪಾ ಕೂಡ ವಾಷಿಂಗ್ಟನ್‌ನಲ್ಲಿ ಪಟ್ಟು ಹಿಡಿದಿತ್ತು. ಇಷ್ಟಾದರೂ ಸರಕು ವಿಮಾನದವರನ್ನು ಆ ನಿಯಮದಿಂದ ಹೊರಗಿಟ್ಟರು.

ನಮ್ಮಲ್ಲಿ ವಾರದ ವಿಶ್ರಾಂತಿ 36 ಗಂಟೆಯಿಂದ 48 ಗಂಟೆಗೆ ಏರಿದ್ದು 2025ರಲ್ಲಿ. ಅದಕ್ಕಾಗಿ ದೆಹಲಿ ಹೈಕೋರ್ಟಿನಲ್ಲಿ ಹೋರಾಡಿದ್ದು ಪೈಲಟ್‌ಗಳ ಸಂಘಗಳು. ನವೆಂಬರ್ 1ರಿಂದ ರಾತ್ರಿ ವಿಮಾನ ಇಳಿಸುವುದಕ್ಕೂ ಕಡಿವಾಣ ಬಿತ್ತು. ಹೊಸ ನಿಯಮಕ್ಕೆ ಸಾಕಾಗುವಷ್ಟು ಪೈಲಟ್‌ಗಳಿಲ್ಲದೆ ಡಿಸೆಂಬರ್‌ನಲ್ಲಿ ಇಂಡಿಗೋದ ಸಾವಿರಾರು ವಿಮಾನಗಳು ರದ್ದಾದವು, ಸರ್ಕಾರದ ವಿಮಾನಯಾನ ನಿಯಂತ್ರಕರು ತಾತ್ಕಾಲಿಕವಾಗಿ ನಿಯಮ ಸಡಿಲಿಸಿದರು. ಬೆಂಗಳೂರಲ್ಲಿ ಸಿಕ್ಕಿಬಿದ್ದ ನಮ್ಮ ಜಿಲ್ಲೆಯವರೂ ಪೈಲಟ್‌ಗಳನ್ನೇ ಬೈದರು. ಆ ಸಿಟ್ಟಿನ ನಡುವೆ ನಿಯಮ ಸಡಿಲ ಮಾಡಬೇಡಿ ಎಂದು ಹೇಳಲು ದೇಶ ಮಟ್ಟದ ಸಂಘವೇ ಬೇಕಾಯಿತು. ಒಂದು ಕಂಪನಿಯ ಸಂಘ ಅಷ್ಟು ಜೋರಾಗಿ ಹೇಳುವುದು ಕಷ್ಟ. ನಾಳೆ ಅದೇ ಮಾಲೀಕರ ಮುಂದೆ ಸಂಬಳಕ್ಕೆ ಕೂರಬೇಕಲ್ಲ.

ಹಾಗಾದರೆ ನಾನು ಏನು ಹೇಳುತ್ತಿದ್ದೆ? ಇರು ಅನ್ನುತ್ತಿದ್ದೆ. ಆದರೆ ಬಾಯಿ ಮುಚ್ಚಿಕೊಂಡು ಇರು ಅನ್ನುತ್ತಿರಲಿಲ್ಲ. ಬಿಡುತ್ತೇವೆ ಎಂಬ ಬೆದರಿಕೆಗೂ ಬೆಲೆ ಇದೆ. ನಾಯಕರು ಫೋನ್ ಎತ್ತುವುದು ಎಷ್ಟೋ ಸಲ ಅದರಿಂದಲೇ. ದೊಡ್ಡ ಕಂಪನಿಯ ಪೈಲಟ್‌ಗಳ ಒಂದು ದೂರಂತೂ ನಿಜವಾದದ್ದು: ಅದೇ ಸಂಘ ಸಣ್ಣ ಪ್ರಾದೇಶಿಕ ಕಂಪನಿಗಳವರನ್ನೂ ಪ್ರತಿನಿಧಿಸುತ್ತದೆ, ಇಬ್ಬರೂ ಒಂದೇ ರೂಟಿನ ಕೆಲಸಕ್ಕೆ ಕಚ್ಚಾಡುತ್ತಾರೆ. ನಿಮ್ಮ ಹುಡುಗನ ದೂರು ಇದಾದರೆ ಅವನ ಮಾತಿನಲ್ಲಿ ತೂಕ ಇದೆ, ನಾನೂ ಎರಡನೇ ಸಲ ಯೋಚಿಸುತ್ತೇನೆ. ಸೀನಿಯಾರಿಟಿ ತೀರ್ಪು ಅಳಿಸಲು ಹೊರಟಿದ್ದರೆ ಮಾತ್ರ ಬೇಡ.

ಸಂಘ ಬದಲಿಸಲು ಅಲ್ಲಿ ಅರ್ಧದಷ್ಟು ಪೈಲಟ್‌ಗಳ ಸಹಿ ಮಾಡಿದ ಕಾರ್ಡ್ ಬೇಕು. ಆಮೇಲೆ ಗುಪ್ತ ಮತದಾನ. ಕಾರ್ಡಿಗೆ ಸಹಿ ಹಾಕಿದರೆ ಬಿಟ್ಟಂತೆ ಆಗುವುದಿಲ್ಲ, ಅದರ ಆಯಸ್ಸೂ ಒಂದೇ ವರ್ಷ. ಸಹಿಗೆ ಮುಂಚೆ ಅವನು ಹೊಸ ಸಂಘದವರನ್ನು ಕೇಳಬೇಕಾದ್ದಿದೆ. ವೈದ್ಯಕೀಯ ಪರೀಕ್ಷೆಯಲ್ಲಿ ಲೈಸೆನ್ಸ್ ಹೋದರೆ ನನ್ನ ಪರವಾಗಿ ಯಾರು ನಿಲ್ಲುತ್ತಾರೆ? ಅಪಘಾತದ ತನಿಖೆಯಲ್ಲಿ ಕೂರುವ ಪರಿಣತರು ನಿಮ್ಮಲ್ಲಿದ್ದಾರಾ? ವಕೀಲರ ಫೀಸು ಎಲ್ಲಿಂದ? ಉತ್ತರವನ್ನು ಬರವಣಿಗೆಯಲ್ಲಿ ತೆಗೆದುಕೊಳ್ಳಲಿ. ಅವನು ಒಪ್ಪಿದರೆ ಹೆಸರು ಹಾಕದೆ ಆ ಉತ್ತರ ನಮಗೂ ಕಳಿಸಿ, ಪ್ರಕಟಿಸುತ್ತೇವೆ.